ನಮ್ಮನೆ ಮಿಡಿ ಉಪ್ಪಿನಕಾಯಿ

ಎಲ್ಲರಿಗೂ ನಮಸ್ಕಾರ.

"ನಿಮಗೆ ಇಷ್ಟವಾದದ್ದರ ಬಗ್ಗೆ ಮಾತಾಡಿ, ಏನಾದರೂ ನಡೆಯುತ್ತೆ" ಅಂತ ಸಂಘದವರು ಕೇಳಿದಾಗ ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ. ಮನೆಗೆ ಹೋಗಿ ಹೇಳಿದರೆ ಹೆಂಡತಿ, "ಉಪ್ಪಿನಕಾಯಿ ಒಂದು ಬಿಟ್ಟು ಬೇರೆ ಏನು ಬೇಕಾದರೂ ಮಾತಾಡಿ" ಅಂದಳು. ಅಲ್ಲಿಗೆ ವಿಷಯ ತೀರ್ಮಾನವಾಯಿತು. ಪುಸ್ತಕ ಇಷ್ಟ, ಸಂಗೀತ ಇಷ್ಟ ಅಂದರೆ ಸಭೆಯಲ್ಲಿ ಮರ್ಯಾದೆ ಜಾಸ್ತಿ, ಗೊತ್ತು. ಆದರೆ ನಮ್ಮ ಮನೆಯಲ್ಲಿ ಪುಸ್ತಕಕ್ಕಾಗಿ ಯಾರೂ ಜಗಳ ಆಡಿದವರಿಲ್ಲ. ಮಿಡಿಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟದ್ದುಂಟು.

ನಾನು ಸಾಗರದ ಕಡೆಯವನು, ಅವಳು ಶಿರಸಿ ಕಡೆಯವಳು. ಬಸ್ಸಿನಲ್ಲಿ ಒಂದು ನಿದ್ದೆ ತೆಗೆಯುವಷ್ಟು ದೂರ, ಅಷ್ಟೇ. ಎರಡೂ ಕಡೆ ಅದೇ ಅಡಿಕೆ, ಅದೇ ಮಳೆ, ಮಾವಿನಕಾಯಿಯ ಅದೇ ತೆಳು ಸಾರು, ಅಪ್ಪೆಹುಳಿ. ಊಟದ ಕೊನೆಗೆ ಒಂದು ಲೋಟ ಅಪ್ಪೆಹುಳಿ ಕುಡಿದು ಜಗಲಿಯಲ್ಲಿ ಉರುಳಿಕೊಂಡರೆ ಎಬ್ಬಿಸುವವರಿಲ್ಲ. ಇಷ್ಟೆಲ್ಲ ಒಂದೇ ಆದರೂ ಜಾಡಿಯ ಮುಂದೆ ಕೂತ ಕೂಡಲೇ ನಾವಿಬ್ಬರೂ ಬೇರೆ ಬೇರೆ ದೇಶದವರಾಗುತ್ತೇವೆ.

ಬಯಲುಸೀಮೆಯವರು ಕೆಲವರು ಇಲ್ಲಿದ್ದೀರಿ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಪ್ಪೆಮಿಡಿ ಮೂಲದಲ್ಲಿ ಕಾಡಿನ ಮಾವು. ಶರಾವತಿ, ವರದಾ, ಅಘನಾಶಿನಿ ಅಂಥ ಹೊಳೆಗಳ ದಂಡೆಯಲ್ಲಿ, ಹಳ್ಳದ ಬದಿಯಲ್ಲಿ, ದೊಡ್ಡ ದೊಡ್ಡ ಮರಗಳು. ಹಣ್ಣು ಮಾಡಿ ತಿನ್ನೋಣ ಅಂದರೆ ಹುಳಿ, ನಾರು, ಯಾರೂ ಮೂಸಿ ನೋಡುವುದಿಲ್ಲ. ಓಟೆ ಗಟ್ಟಿಯಾಗುವ ಮೊದಲು, ಎಳೆಯದಿದ್ದಾಗ ಕೊಯ್ದರೆ ಮಾತ್ರ ಅದಕ್ಕೆ ರಾಜಮರ್ಯಾದೆ. 2009ರಲ್ಲಿ ಅಪ್ಪೆಮಿಡಿಗೆ ಭೌಗೋಳಿಕ ಸೂಚಕದ, ಅಂದರೆ ಇದು ಈ ಸೀಮೆಯದ್ದೇ ಅನ್ನುವ ಸರ್ಕಾರಿ ಮಾನ್ಯತೆ ಸಿಕ್ಕಿತು. ಪೇಪರಿನಲ್ಲಿ ಓದಿ ನಮ್ಮ ಚಿಕ್ಕಮ್ಮನಿಗೆ ಹೇಳಿದೆ. "ಹೌದಾ? ಸರ್ಕಾರಕ್ಕೆ ಈಗ ರುಚಿ ಹತ್ತಿತಾ?" ಅಂತ ಕೇಳಿ ಒಳಗೆ ಹೋದರು.

ಮಿಡಿಯ ಜೀವ ಇರುವುದು ಸೊನೆಯಲ್ಲಿ. ತೊಟ್ಟು ಮುರಿದಾಗ ಚಿಮ್ಮುತ್ತದಲ್ಲ, ಅದು. ಕೈಗೆ ತಾಗಿದರೆ ಚರ್ಮ ಸುಡುತ್ತದೆ, ಮೂಗಿಗೆ ಹಿಡಿದರೆ ಹಬ್ಬ. ಕೆಲವು ಮರದ್ದು ಜೀರಿಗೆ ಪರಿಮಳ, ಕೆಲವಕ್ಕೆ ಕರ್ಪೂರದ ವಾಸನೆ. ಒಂದೊಂದು ಮರಕ್ಕೂ ಹೆಸರುಂಟು. ಅನಂತಭಟ್ಟನ ಅಪ್ಪೆ ಅಂತ ಒಂದು ಜಾತಿಯೇ ಇದೆ. ಉಪ್ಪಿನಕಾಯಿಯಿಂದ ಹೆಸರು ಉಳಿಸಿಕೊಂಡ ಪುಣ್ಯಾತ್ಮ!

ನಮ್ಮಪ್ಪ ಮಿಡಿ ಕೊಳ್ಳಲು ಹೋದರೆ ಅರ್ಧ ದಿನ. ಒಂದು ಮಿಡಿ ಎತ್ತಿ, ತೊಟ್ಟು ಮುರಿದು, ಕಣ್ಣು ಮುಚ್ಚಿ ಮೂಸುತ್ತಿದ್ದರು. ಮುಖ ನೋಡಿದರೆ ಜಾತಕ ಓದುತ್ತಿದ್ದಾರೆ ಅನ್ನಿಸುತ್ತಿತ್ತು. ಮಿಡಿ ಮಾರುವುದು ತೂಕಕ್ಕಲ್ಲ, ಲೆಕ್ಕಕ್ಕೆ: ನೂರಕ್ಕೆ ಇಷ್ಟು, ಸಾವಿರಕ್ಕೆ ಇಷ್ಟು. ಎಣಿಸುವಾಗ ಮಾರುವವನನ್ನು ಮಾತಿಗೆಳೆದು ಲೆಕ್ಕ ತಪ್ಪಿಸುವ ಜನ ಇದ್ದರು. ನಮ್ಮಪ್ಪ ಅಂಥವರಲ್ಲ ಅಂತ ಈ ವೇದಿಕೆಯಿಂದ ಹೇಳಲು ಇಷ್ಟಪಡುತ್ತೇನೆ. ತೊಟ್ಟು ಇಲ್ಲದ ಮಿಡಿ ಮಾತ್ರ ಅವರು ಮುಟ್ಟುತ್ತಿರಲಿಲ್ಲ. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಒಂದು ಸೇರಿದರೂ ಸಾಕು, ಜಾಡಿಯೇ ಕೆಡುತ್ತದೆ. ಅದಕ್ಕೇ ಕೊಯ್ಯುವವರು ಅಷ್ಟೆತ್ತರದ ಮರ ಹತ್ತಿ, ಬುಟ್ಟಿಗೆ ತುಂಬಿ, ಹಗ್ಗದಲ್ಲಿ ಇಳಿಸುತ್ತಾರೆ. ರೇಟು ಜಾಸ್ತಿ ಅನ್ನುವವರು ಒಮ್ಮೆ ಆ ಮರದ ಕೆಳಗೆ ನಿಂತು ತಲೆ ಎತ್ತಿ ನೋಡಬೇಕು.

ಮನೆಗೆ ಬಂದ ಮಿಡಿಯನ್ನು ತೊಳೆದು, ನೀರಾರಿಸಿ, ಹರಳುಪ್ಪಿನ ಜೊತೆ ಪದರ ಪದರವಾಗಿ ಜಾಡಿಗೆ ತುಂಬುತ್ತಾರೆ. ಉಪ್ಪು ಮಿಡಿಯೊಳಗಿನ ನೀರನ್ನೆಲ್ಲ ಎಳೆದುಕೊಳ್ಳುತ್ತದೆ. ಕೆಲವೇ ದಿನಗಳಲ್ಲಿ ಮಿಡಿ ಚಿರುಟಿ, ತನ್ನದೇ ನೀರಿನಲ್ಲಿ ಮುಳುಗಿ ಕೂರುತ್ತದೆ. ಅಷ್ಟು ಉಪ್ಪಿನಲ್ಲಿ ಕೆಡಿಸುವ ಜೀವಿಗಳಿಗೆ ಬದುಕು ಕಷ್ಟ. ಎಣ್ಣೆ ಬೇಡ, ವಿನೆಗರ್ ಬೇಡ, ಫ್ರಿಜ್ಜಂತೂ ಬೇಡವೇ ಬೇಡ.

ಇಲ್ಲಿವರೆಗೆ ಸಾಗರ, ಶಿರಸಿ ಎರಡೂ ಒಂದೇ. ಖಾರ ಹಾಕುವಾಗ ಯುದ್ಧ ಶುರು. ಆ ಉಪ್ಪುನೀರಿನಲ್ಲೇ ಸಾಸಿವೆ, ಒಣಮೆಣಸು, ಅರಿಶಿನ ಅರೆಯಬೇಕು. ನೀರನ್ನು ಕುದಿಸಿ ಆರಿಸಿಯೇ ಅರೆಯಬೇಕು, ಇಲ್ಲದಿದ್ದರೆ ಬಾಳಿಕೆ ಬರುವುದಿಲ್ಲ ಅನ್ನುವುದು ಹೆಂಡತಿಯ ವಾದ. ಕುದಿಸಿದರೆ ಸೊನೆಯ ಪರಿಮಳ ಪಕ್ಕದ ಮನೆಗೆ ಹೋಗುತ್ತದೆ, ನಮಗೆ ಉಳಿಯುವುದಿಲ್ಲ ಅನ್ನುವುದು ನನ್ನ ಅಮ್ಮನ ವಾದ. ಇಬ್ಬರೂ ಒಪ್ಪುವುದು ಒಂದೇ: ಬಿಸಿ ನೀರಿಗೆ ಮಾತ್ರ ಸಾಸಿವೆ ಹಾಕಬಾರದು. ಅದಕ್ಕೆ ಕಾರಣ ಇದೆ. ಇಡೀ ಸಾಸಿವೆಗೆ ಘಾಟಿಲ್ಲ. ಒಡೆದು ನೀರು ತಾಗಿದಾಗಲೇ ಘಾಟು ಹುಟ್ಟುವುದು. ನೀರು ಬಿಸಿ ಇದ್ದರೆ ಆ ಘಾಟು ಹುಟ್ಟುವ ಮೊದಲೇ ಸಾಯುತ್ತದೆ. ಮೆಣಸು ಬ್ಯಾಡಗಿಯದ್ದೇ ಆಗಬೇಕು, ಬಣ್ಣ ಚೆನ್ನಾಗಿ ಬಿಡುತ್ತದೆ, ಬಾಯಿ ಸುಡುವುದಿಲ್ಲ. ಅತ್ತೆ ಸೊಸೆ ಈ ಜಗಳವನ್ನು ವರ್ಷಗಟ್ಟಲೆ ಬಹಳ ಪ್ರೀತಿಯಿಂದ ಆಡಿದರು. ಕೊನೆಗೆ ಎರಡು ಜಾಡಿ ಇಡುವುದು ಅಂತಾಯಿತು. ನನಗೇನು ನಷ್ಟ?

ಜಾಡಿಗೆ ಕಾನೂನುಗಳಿವೆ. ಒದ್ದೆ ಸೌಟು ಹಾಕಬಾರದು, ಒದ್ದೆ ಕೈ ತಾಗಿಸಬಾರದು. ಇದು ಸರಿ, ಹೊರಗಿನ ನೀರು ಸೇರಿದರೆ ಬೂಸ್ಟು ಖಂಡಿತ. ಇನ್ನೊಂದು ಕಾನೂನಿತ್ತು, ಮುಟ್ಟಾದವರು ಜಾಡಿ ಮುಟ್ಟಬಾರದು ಅಂತ. ನಮ್ಮ ಮಗಳು ಕಾಲೇಜಿನಲ್ಲಿದ್ದಾಗ ಎಲ್ಲರ ಎದುರೇ ಹೋಗಿ ಮಿಡಿ ತೆಗೆದಳು. ಅಜ್ಜಿ ಮುಂದಿನ ಮಳೆಗಾಲದವರೆಗೆ ಆ ಜಾಡಿ ಕಾದರು, ಕೆಡುತ್ತದಾ ಅಂತ. ಕೆಡಲಿಲ್ಲ. ಜಾಡಿಯನ್ನು ನಿಜವಾಗಿ ಕೆಡಿಸಿದ್ದು ಸ್ನಾನ ಮಾಡಿ ಮಡಿಯಲ್ಲಿ ಬಂದ ನಮ್ಮ ದೊಡ್ಡಪ್ಪ, ಕೈಯಿಂದ ನೀರು ತೊಟ್ಟಿಕ್ಕಿಸಿಕೊಂಡು. ಆಮೇಲೆ ಆ ಕಾನೂನಿನ ಮಾತು ನಮ್ಮ ಮನೆಯಲ್ಲಿ ಏಳಲಿಲ್ಲ.

ತಿನ್ನುವುದಕ್ಕೂ ಕ್ರಮ ಇದೆ. ಒಂದು ಊಟಕ್ಕೆ ಒಂದು ಮಿಡಿ. ಅನ್ನ ಸಾರಿಗೆ ತುದಿ ಕಚ್ಚಬೇಕು, ಪಲ್ಯಕ್ಕೆ ಮುಟ್ಟಬಾರದು, ಮಜ್ಜಿಗೆ ಅನ್ನಕ್ಕೆ ಮುಕ್ಕಾಲು ಭಾಗ ಉಳಿದಿರಬೇಕು. ಕಚ್ಚಿದಾಗ ಕಟಂ ಅನ್ನಬೇಕು. ಮೆತ್ತಗಾಗಿದ್ದರೆ ಯಾರೋ ಕೊಯ್ಯುವಾಗಲೋ ಉಪ್ಪು ಹಾಕುವಾಗಲೋ ಜಿಪುಣತನ ಮಾಡಿದ್ದಾರೆ ಅಂತ ಲೆಕ್ಕ. ನಮ್ಮ ಅಳಿಯ ಮೊದಲ ಊಟದಲ್ಲೇ ಮಿಡಿಯನ್ನು ಒಂದೇ ತುತ್ತಿಗೆ ಮುಗಿಸಿ, "ಇನ್ನೊಂದು?" ಅಂದ. ಪಂಕ್ತಿ ಪೂರ್ತಿ ಸ್ತಬ್ಧ. ಒಳ್ಳೆ ಹುಡುಗ, ಕಲಿತುಕೊಂಡ.

ಕಷ್ಟ ಇರುವುದು ಮರಕ್ಕೆ. ಹೂ ಬಿಟ್ಟಾಗ ಮೋಡ, ಮಂಜು ಮುಸುಕಿದರೆ, ಜಿಗಿಹುಳು ಬಿದ್ದರೆ ಆ ವರ್ಷ ಮಿಡಿಯಿಲ್ಲ. ಹಳೆ ಮರಗಳು ನಾಟಾಕ್ಕೆ, ರಸ್ತೆಗೆ ಅಂತ ಎಷ್ಟೋ ಉರುಳಿದವು. ಓಟೆ ನೆಟ್ಟರೆ ತಾಯಿಮರದ ಪರಿಮಳವೇ ಬರುತ್ತದೆ ಅಂತ ಭರವಸೆ ಇಲ್ಲ, ಕಸಿಯೇ ಕಟ್ಟಬೇಕು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅಪ್ಪೆಯ ಹಲವು ತಳಿ ಕೂಡಿಸಿ ಬೆಳೆಸಿದ್ದಾರೆ. ನಮ್ಮ ಕಡೆ ರೈತರೂ ಒಳ್ಳೆ ಮರ ಗುರುತಿಸಿ ಕಸಿಗಿಡ ಮಾಡುತ್ತಾರೆ. ಹಿತ್ತಲಲ್ಲಿ ನಾನೂ ಎರಡು ನೆಟ್ಟಿದ್ದೇನೆ. ಒಂದು ಸಾಗರದ್ದು, ಒಂದು ಶಿರಸಿಯದ್ದು. ಮನೆಯಲ್ಲಿ ಶಾಂತಿ ಬೇಕಲ್ವಾ?

ಈಗ ನನ್ನ ರಕ್ತದೊತ್ತಡದ ವಿಚಾರ. ಉಪ್ಪಿನಕಾಯಿ ಕಡಿಮೆ ಮಾಡಿ ಅಂದರು ಡಾಕ್ಟರು. ಅವರು ಹೇಳಿದ್ದು ಸರಿ, ನಾನು ಒಪ್ಪುತ್ತೇನೆ. "ಎಷ್ಟು ಕಡಿಮೆ?" ಅಂತ ಕೇಳಿದ್ದಕ್ಕೆ "ಅರ್ಧ" ಅಂದರು. ಮಿಡಿಯನ್ನು ಅರ್ಧ ಮಾಡುವುದು ಹೇಗೆ? ಕತ್ತರಿಸಿದರೆ ಅದು ಹೋಳು ಉಪ್ಪಿನಕಾಯಿ ಆಗುತ್ತದೆ, ಜಾತಿಯೇ ಬೇರೆ. ಕೊನೆಗೆ ಗುಡ್ಡೆಯಿಂದ ಅತ್ಯಂತ ಚಿಕ್ಕ ಮಿಡಿ ಆರಿಸಿ ಎಲೆಗೆ ಹಾಕುವ ಅಧಿಕಾರ ಹೆಂಡತಿಗೆ ಹೋಯಿತು. ಅವಳ ಕಣ್ಣಿಗೆ ಎಷ್ಟು ಚಿಕ್ಕದು ಬೀಳುತ್ತದೆ ಅಂದರೆ, ಅದನ್ನು ಹುಡುಕಲು ನನಗೆ ಕನ್ನಡಕ ಬೇಕು.

ನನ್ನ ಮಾತು ಇಷ್ಟೇ. ಏನಾದರೂ ಕೇಳುವುದಿದ್ದರೆ ಕೇಳಿ. ಸಾಸಿವೆ ಎಷ್ಟು ಹಾಕಬೇಕು ಅಂತ ಮಾತ್ರ ಕೇಳಬೇಡಿ, ಅದನ್ನು ಅವಳು ನನಗೂ ಹೇಳಿಲ್ಲ.