ಗುಂಗುರಿನಿಂದ ಗರಿಗರಿಗೆ: ‘ಕ್ರಿಸ್ಪ್’ ಎಂಬ ಗುಣವಾಚಕ

ಸಭೆಯಲ್ಲಿರುವ ಹಿರಿಯರೇ, ಅಧ್ಯಾಪಕ ಮಿತ್ರರೇ, ವಿದ್ಯಾರ್ಥಿಗಳೇ,

ನಮ್ಮ ದಾವಣಗೆರೆಯಲ್ಲಿ ಬೆಣ್ಣೆದೋಸೆಗೆ ಹೇಳುವಾಗ ‘ಕ್ರಿಸ್ಪಿ ಇರಲಿ’ ಎಂದು ಸೇರಿಸುವುದನ್ನು ನೀವೂ ಕೇಳಿರುತ್ತೀರಿ. ಆ ಮಾತಿನ ಬೇರಾದ ‘ಕ್ರಿಸ್ಪ್’ ಎಂಬ ಇಂಗ್ಲಿಷ್ ಗುಣವಾಚಕ ಎಲ್ಲಿಂದ ಬಂತು, ಅದರ ಅರ್ಥ ಹೇಗೆ ಹೊರಳಿತು, ನಮ್ಮ ‘ಗರಿಗರಿ’ ಅದಕ್ಕೆ ಎಷ್ಟರ ಮಟ್ಟಿಗೆ ಸಮನಾಗುತ್ತದೆ ಎಂಬುದನ್ನು ಇಂದು ನಿಮ್ಮ ಮುಂದಿಡಲು ಬಯಸುತ್ತೇನೆ.

ಲ್ಯಾಟಿನ್ನಿನಲ್ಲಿ ‘ಕ್ರಿಸ್ಪಸ್’ ಎಂದರೆ ಗುಂಗುರಾದದ್ದು ಎಂದರ್ಥ. ಗುಂಗುರು ಕೂದಲಿಗೆ ಹೇಳುತ್ತಿದ್ದ ಈ ಮಾತು ಮನುಷ್ಯರ ಹೆಸರೂ ಆಗಿತ್ತು. ರೋಮಿನ ಇತಿಹಾಸಕಾರ ಸಲ್ಲಸ್ಟನ ಪೂರ್ಣ ಹೆಸರು ಗಾಯಸ್ ಸಲ್ಲಸ್ಟಿಯಸ್ ಕ್ರಿಸ್ಪಸ್. ಹಳೆಯ ಇಂಗ್ಲಿಷಿಗೆ ಬಂದಾಗಲೂ ಈ ಪದ ಗುಂಗುರಿನ ಅರ್ಥವನ್ನೇ ಹೊತ್ತು ಬಂತು. ಶೇಕ್ಸ್‌ಪಿಯರ್ ತನ್ನ ನಾಲ್ಕನೆಯ ಹೆನ್ರಿ ನಾಟಕದ ಮೊದಲ ಭಾಗದಲ್ಲಿ, ಕಾದಾಟಕ್ಕೆ ಬೆದರಿದ ಸೆವರ್ನ್ ನದಿ ತನ್ನ ‘ಕ್ರಿಸ್ಪ್’ ತಲೆಯನ್ನು ದಡದ ಪೊಳ್ಳಿನಲ್ಲಿ ಅಡಗಿಸಿಕೊಂಡಿತು ಎನ್ನಿಸುತ್ತಾನೆ. ಅಲ್ಲಿ ಇಂದಿನ ಅರ್ಥ ಹಚ್ಚಿದರೆ ಪದ್ಯ ಕೆಡುತ್ತದೆ. ನದಿಯ ಸಣ್ಣ ಅಲೆಗಳೇ ಅದರ ಗುಂಗುರು ಕೂದಲು ಎಂದು ಹಿಡಿದರೆ ಮಾತ್ರ ಚಿತ್ರ ಕಣ್ಣಿಗೆ ಕಟ್ಟುತ್ತದೆ.

ಕಚ್ಚಿದರೆ ಮುರಿಯುವ ಗುಣ ಎಂಬ ಅರ್ಥ ಹದಿನಾರನೆಯ ಶತಮಾನದ ಹೊತ್ತಿಗೆ ಬಂದು ಸೇರಿತು. ಕೂದಲಿಗೂ ಕುರುಕಲಿಗೂ ಏನು ನಂಟು? ಉತ್ತರವನ್ನು ನಾನು ಕಾವಲಿಯ ಮೇಲೆ ಕಾಣುತ್ತೇನೆ. ದೋಸೆಯ ಅಂಚಿನಲ್ಲಿ ಹಿಟ್ಟು ತೆಳುವಾಗಿರುವುದರಿಂದ ಅಲ್ಲಿನ ನೀರು ಮೊದಲು ಆರುತ್ತದೆ. ಆರಿದ ಭಾಗ ಕುಗ್ಗಿ, ಬೆಣ್ಣೆಯ ನೊರೆಯ ನಡುವೆ ಮೆಲ್ಲನೆ ಮೇಲೆದ್ದು ಒಳಕ್ಕೆ ಸುರುಳಿಕೊಳ್ಳುತ್ತದೆ. ಗರಿಗರಿಯಾಗುವುದೂ ಅದೇ ಅಂಚು, ಅದೇ ಗಳಿಗೆ. ಎಣ್ಣೆಗೆ ಬಿಟ್ಟ ಹಪ್ಪಳವೂ ಹೀಗೆಯೇ ಸೊಟ್ಟಗಾಗುತ್ತಲೇ ಗರಿಯಾಗುತ್ತದೆ. ಕಣ್ಣಿಗೆ ಕಾಣುವ ಸುರುಳಿಯ ಹೆಸರು ಹಲ್ಲಿಗೆ ಸಿಗುವ ಗುಣಕ್ಕೆ ದಾಟಿತು ಎಂಬುದು ನನ್ನ ಅಭಿಪ್ರಾಯ.

ಇದೇ ಲ್ಯಾಟಿನ್ ಪದ ಫ್ರೆಂಚಿನಲ್ಲಿ ‘ಕ್ರೇಪ್’ ಆಯಿತು. ಸುಕ್ಕುಸುಕ್ಕಾದ ನೇಯ್ಗೆಯ ಬಟ್ಟೆಗೂ, ಕಾವಲಿಯ ಮೇಲೆ ತೆಳ್ಳಗೆ ಹುಯ್ಯುವ ಅವರ ದೋಸೆಗೂ ಅಲ್ಲಿ ಅದೊಂದೇ ಹೆಸರು. ಗಿರಣಿಗಳಿಂದ ಹೆಸರಾದ ಈ ಊರಿನ ಅಂಗಡಿಯಲ್ಲಿ ಕ್ರೇಪ್ ಸೀರೆ ಕೊಂಡು, ಹೋಟೆಲಿನಲ್ಲಿ ಕ್ರಿಸ್ಪಿ ದೋಸೆ ತಿಂದು ಮನೆಗೆ ಹೋಗುವವರು ಒಂದೇ ಪದದ ಎರಡು ಕವಲುಗಳನ್ನು ಮುಟ್ಟಿರುತ್ತಾರೆ.

ಇನ್ನು ನಮ್ಮ ‘ಗರಿಗರಿ’. ಒಂಟಿ ಗರಿ ನವಿಲಿನದೋ ತೆಂಗಿನದೋ ಆಗುತ್ತದೆ. ಅದೇ ಇಮ್ಮಡಿಸಿದಾಗ ಹುರಿಗಡಲೆ ಬೆರೆಸಿದ ಮಂಡಕ್ಕಿ, ಆಗತಾನೆ ತೆಗೆದ ಮಿರ್ಚಿ, ಗಂಜಿ ಹಾಕಿ ಇಸ್ತ್ರಿ ಮಾಡಿದ ಪಂಚೆ, ಬ್ಯಾಂಕಿನಿಂದ ಬಂದ ಹೊಸ ನೋಟು, ಎಲ್ಲಕ್ಕೂ ಸಲ್ಲುತ್ತದೆ. ಇಂಗ್ಲಿಷಿನವರೂ ಹೊಸ ನೋಟನ್ನೂ ಇಸ್ತ್ರಿಯ ಅಂಗಿಯನ್ನೂ ‘ಕ್ರಿಸ್ಪ್’ ಎಂದೇ ಕರೆಯುತ್ತಾರೆ. ದೂರದ ಎರಡು ಭಾಷೆಗಳು ತಿಂಡಿಯ ಮಾತನ್ನು ನೋಟಿಗೆ ಹಚ್ಚಿರುವುದು ನನಗೆ ಬಹಳ ಹಿಡಿಸಿದ ಸಂಗತಿ.

ಆದರೆ ಎಲ್ಲೆಡೆಯೂ ಈ ಜೋಡಿ ಕೂಡಿ ಬರುವುದಿಲ್ಲ. ಸೇಬು, ಎಳೆ ಸೌತೆಕಾಯಿಗಳೂ ಇಂಗ್ಲಿಷಿನಲ್ಲಿ ‘ಕ್ರಿಸ್ಪ್’. ನಮ್ಮಲ್ಲಿ ಯಾರೂ ಗರಿಗರಿ ಸೌತೆಕಾಯಿ ಎನ್ನುವುದಿಲ್ಲ. ರಸವಿರುವುದನ್ನು ಕನ್ನಡದ ನಾಲಗೆ ಗರಿಗರಿ ಎಂದು ಒಪ್ಪದು. ತೇವ ತಗುಲಿ ಮೆತ್ತಗಾದ ಮಂಡಕ್ಕಿ ಆ ಹೆಸರನ್ನು ಆಗಲೇ ಕಳೆದುಕೊಳ್ಳುತ್ತದೆ. ‘ಕ್ರಿಸ್ಪ್’ ಉತ್ತರವೆಂದರೆ ಚುಟುಕಾದ, ಖಚಿತವಾದ ಉತ್ತರ. ‘ಕ್ರಿಸ್ಪ್’ ಬೆಳಗೆಂಬುದನ್ನು ಅನುವಾದಿಸಬೇಕಾದ ವಿದ್ಯಾರ್ಥಿ ನಿಘಂಟಿನ ಮೊದಲ ಅರ್ಥಕ್ಕೇ ನಿಲ್ಲದೆ, ಮಾರ್ಗಶಿರದಲ್ಲಿ ಚಿತ್ರದುರ್ಗದ ಕೋಟೆಯ ಮೆಟ್ಟಿಲು ಹತ್ತುವಾಗ ಕಿವಿಗೆ ಸೋಕುವ ಒಣಗಾಳಿಯನ್ನು ನೆನೆಯಲಿ. ಅಲ್ಲಿ ಅವನಿಗೆ ಸಿಗುವ ಮಾತು ‘ಚುಮುಚುಮು ಚಳಿ’.