ಹೊಳೆಯಾಚೆಯ ನಮ್ಮೂರಿಗೆ, ಈ ಸಲ ಸೇತುವೆ ಮೇಲೆ

ಸಾಗರ ಬಿಟ್ಟು ಆವಿನಹಳ್ಳಿ ದಾಟಿದ್ದೇವೆ. ಇನ್ನು ಸ್ವಲ್ಪ ಹೋದರೆ ಹೊಳೆಬಾಗಿಲು, ಹಿನ್ನೀರಿನ ಈಚೆ ದಡ. ವರ್ಷಗಟ್ಟಲೆ ಊರೂರು ತಿರುಗಿದ್ದೇನೆ, ಲಡಾಖ್ ಆಯ್ತು, ನೇಪಾಳ ಆಯ್ತು, ವಿಯೆಟ್ನಾಂ ಆಯ್ತು. ಈ ರಸ್ತೆಗೆ ಬಂದಾಗ ಆಗುವಷ್ಟು ಖುಷಿ ಮಾತ್ರ ಎಲ್ಲೂ ಆಗಿಲ್ಲ.

ನಮ್ಮೂರು ತುಮರಿ ಹತ್ತಿರ, ಶರಾವತಿ ಹಿನ್ನೀರಿನ ಆಚೆ ದಡ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಗದ್ದೆ, ತೋಟ, ಮನೆ, ಓಡಾಡುವ ದಾರಿ ಎಲ್ಲ ಮುಳುಗಿತು. ಅಜ್ಜಿ ಯಾವ ಕಥೆ ಹೇಳಿದರೂ ಅದು ಮುಳುಗಡೆಗೆ ಮುಂಚಿನದೋ ಆಮೇಲಿನದೋ ಅಂತ ಮೊದಲು ಹೇಳುತ್ತಿದ್ದಳು. ನಾಡಿಗೆಲ್ಲ ಕರೆಂಟು ಕೊಟ್ಟ ನೀರು ಇದು. ನಮಗೆ ಮಾತ್ರ ಸಾಗರದ ಆಸ್ಪತ್ರೆಗೆ ಹೋಗಲಿಕ್ಕೂ ಹಿನ್ನೀರು ದಾಟಿಸುವ ಲಾಂಚ್ ಕಾಯಬೇಕಿತ್ತು.

ಲಾಂಚ್ ನೋಡದವರಿಗೆ ಹೇಳುತ್ತೇನೆ. ಬಸ್ಸು, ಜೀಪು, ಬೈಕು, ಅಡಿಕೆ ಮೂಟೆ, ಮದುವೆ ದಿಬ್ಬಣ, ಎಲ್ಲ ಒಟ್ಟಿಗೇ ಅದರ ಮೇಲೆ. ಬಸ್ಸು ಹತ್ತುವಾಗ ಧಡ್ ಅಂತ ಸದ್ದಾಗಿ ಕಾಲ ಕೆಳಗೆ ಅಲುಗಾಡುತ್ತಿತ್ತು. ನಾವು ಮಕ್ಕಳು ಕಂಬಿ ಹಿಡಿದು ಕಿರುಚುತ್ತಿದ್ದೆವು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ವಾಹನ ಹತ್ತಿಸುತ್ತಿರಲಿಲ್ಲ. ಕತ್ತಲಾದ ಮೇಲಂತೂ ಲಾಂಚೇ ಇಲ್ಲ. ಒಂದು ರಾತ್ರಿ ಅಪ್ಪಯ್ಯನಿಗೆ ಎದೆನೋವು ಬಂತು. ಪಕ್ಕದ ಮನೆಯವರ ಜೀಪಿನಲ್ಲಿ ಮಲಗಿಸಿಕೊಂಡು ನಿಟ್ಟೂರು, ನಗರ ಸುತ್ತಿ ಹೊಸನಗರ ಮುಟ್ಟಿದೆವು. ಆ ಕಾಡುದಾರಿಯುದ್ದಕ್ಕೂ ಅಮ್ಮ ಒಂದು ಮಾತೂ ಆಡಲಿಲ್ಲ.

ನೋಡಿ, ಬಂತು ಸೇತುವೆ! ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ, ಎರಡು ಕಿಲೋಮೀಟರಿಗಿಂತ ಜಾಸ್ತಿ ಉದ್ದ. 2025ರ ಜುಲೈ 14ಕ್ಕೆ ಉದ್ಘಾಟನೆ ಆದಾಗ ನಾನು ದೂರದ ಯಾವುದೋ ಊರಿನಲ್ಲಿ ಕೂತು ಫೋನಿನಲ್ಲಿ ನೋಡಿ ಅತ್ತುಬಿಟ್ಟಿದ್ದೆ. ಈಗ ಗಾಡಿ ನಿಲ್ಲಿಸದೆ ಹೋಗುತ್ತಿದ್ದೇವೆ. ಎರಡೂ ಕಡೆ ನೀರು, ತಲೆ ಮೇಲೆ ಕೇಬಲ್ಲುಗಳು. ಮಾತಾಡುತ್ತಾ ಇದ್ದ ಹಾಗೇ ಆಚೆ ದಡ ಬಂದುಬಿಟ್ಟಿತು!

ಲಾಂಚಿನ ಮಜಾ ಹೋಯ್ತಲ್ಲ ಅಂತ ಪ್ರವಾಸಕ್ಕೆ ಬಂದವರು ಬೇಜಾರು ಮಾಡಿಕೊಳ್ಳುತ್ತಾರೆ. ನನಗೂ ಲಾಂಚ್ ಅಂದ್ರೆ ಪ್ರಾಣ. ಆದರೆ ಹೆರಿಗೆ ನೋವು ತಿನ್ನುತ್ತಿದ್ದ ಮಗಳನ್ನು ಕರೆದುಕೊಂಡು ಆ ದಡದಲ್ಲಿ ನಿಂತವರ ಹತ್ತಿರ ಈ ಮಾತು ಆಡಲಿಕ್ಕಾಗುತ್ತಾ? ಇದು ಬಂದಿದ್ದೇ ತಡವಾಯಿತು, ಬಹಳ ತಡ.

ಮನೆಯಲ್ಲಿ ಅಡಿಕೆ ಸುಗ್ಗಿ. ಚಪ್ಪರದ ಕೆಳಗೆ ಸಾಲಾಗಿ ಕೂತು ಸುಲಿಯುತ್ತಿದ್ದಾರೆ. ಮೆಟ್ಟುಗತ್ತಿಗೆ ಕಾಯಿ ಒತ್ತಿ, ಸಿಪ್ಪೆ ಎಬ್ಬಿಸಿ, ಉಂಡೆ ಬುಟ್ಟಿಗೆ. ಕೈ ನೋಡುವುದೇ ಇಲ್ಲ, ಬಾಯಿ ತುಂಬಾ ಮಾತು. ಹಂಡೆಯಿಂದ ಚೊಗರಿನ, ಅಂದರೆ ಅಡಿಕೆ ಬೇಯಿಸಿದ ನೀರಿನ ವಾಸನೆ ಅಂಗಳಕ್ಕೆಲ್ಲ ಹಬ್ಬಿದೆ.

"ಬಂದ್ಯಾ? ಕೈಕಾಲು ತೊಳ್ಕೊ, ಕಡುಬು ಬಿಸಿ ಇದೆ" ಅಂದಳು ಅಮ್ಮ. ಬಡಿಸುತ್ತಲೇ ಮಾತು ಶುರು. ಮೊನ್ನೆ ಸಾಗರಕ್ಕೆ ಹೋಗಿ ಯಕ್ಷಗಾನ ನೋಡಿ, ರಾತ್ರಿಯೇ ಮನೆಗೆ ಬಂದಳಂತೆ. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಇದೇ ಮೊದಲು. ಮುಂದಿನ ವಾರ ಇನ್ನೊಂದು ಆಟ ಇದೆಯಂತೆ, "ನೀನೂ ಬಾ, ಅಪ್ಪಯ್ಯನ್ನೂ ಎಬ್ಬಿಸಿಕೊಂಡು ಹೋಗೋಣ" ಅಂತಿದ್ದಾಳೆ.