ಹಿಮನದಿಯ ಮೇಲೆ ಸ್ಕೀ: ಹೊರಡುವ ಮುಂಚಿನ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ಅಭ್ಯಾಸ ಇರುವವರು ನಮ್ಮ ಮೈಸೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಹಿಮಾಲಯದ ಚಾರಣ ಮುಗಿಸಿ ಬಂದವರೂ ಕಡಿಮೆಯಿಲ್ಲ. ಅಂಥವರಲ್ಲಿ ಕೆಲವರು ಈಚೆಗೆ ಇನ್ನೊಂದು ಪ್ರಶ್ನೆ ಕೇಳುತ್ತಾರೆ. ಆಲ್ಪ್ಸ್ ಪರ್ವತಗಳಲ್ಲಿ ಕಾಲಿಗೆ ಸ್ಕೀ ಎಂಬ ಉದ್ದನೆಯ ಜಾರುಹಲಗೆ ಕಟ್ಟಿಕೊಂಡೇ ನಾಲ್ಕು ಸಾವಿರ ಮೀಟರ್ ಎತ್ತರದ ಶಿಖರ ಹತ್ತುತ್ತಾರಂತೆ, ನಮ್ಮಂಥವರಿಗೆ ಆಗುತ್ತದಾ ಅಂತ. ಆಗುತ್ತದೆ. ಆದರೆ ಅದರ ಬಹುಪಾಲು ಕೆಲಸ ಇಲ್ಲೇ, ಮನೆಯಲ್ಲಿ ನಕ್ಷೆ ಹರಡಿಕೊಂಡು ಕೂತು ಮಾಡಬೇಕಾದದ್ದು. ನಾನು ಮತ್ತು ನನ್ನ ಗೆಳೆಯರು ಈಗ ಆ ಕೆಲಸದಲ್ಲೇ ಇದ್ದೇವೆ. ಅದರ ಬಗ್ಗೆಯೇ ಇವತ್ತು ಮಾತಾಡುತ್ತೇನೆ.

ಟಿವಿಯಲ್ಲಿ ಕಾಣುವ ಸ್ಕೀ ಆಟದಲ್ಲಿ ತಂತಿಗೆ ತೂಗುಬಿಟ್ಟ ಕುರ್ಚಿ ನಿಮ್ಮನ್ನು ಮೇಲಕ್ಕೆ ಒಯ್ಯುತ್ತದೆ. ನೀವು ಜಾರಿಕೊಂಡು ಇಳಿದರಾಯಿತು. ನಾವು ಮಾಡಹೊರಟಿರುವ ಸ್ಕೀ ಟೂರ್‌ನಲ್ಲಿ ಆ ಕುರ್ಚಿ ಇಲ್ಲ. ಹತ್ತುವುದೂ ಕಾಲಿನ ಬಲದಿಂದಲೇ. ಸ್ಕೀಯ ಅಡಿಗೆ ಸ್ಕಿನ್ ಎಂಬ ಉದ್ದನೆಯ ಪಟ್ಟಿ ಅಂಟಿಸುತ್ತಾರೆ. ಅದರ ಕೂದಲು ಒಂದೇ ದಿಕ್ಕಿಗೆ ಮಲಗಿರುತ್ತದೆ. ಮುಂದಕ್ಕೆ ತಳ್ಳಿದರೆ ಸರಿಯುತ್ತದೆ, ಹಿಂದಕ್ಕೆ ಜಾರಗೊಡುವುದಿಲ್ಲ. ಒಂದು ಕಾಲದಲ್ಲಿ ಸೀಲ್ ಪ್ರಾಣಿಯ ಚರ್ಮವನ್ನೇ ಕಟ್ಟುತ್ತಿದ್ದರು, ಈಗ ನೈಲಾನ್ ಅಥವಾ ಮೊಹೇರ್ ಎಂಬ ಮೇಕೆಯ ಕೂದಲು ಬಂದಿದೆ. ಹತ್ತುವಾಗ ಬೂಟಿನ ಹಿಮ್ಮಡಿ ಬಿಡುವಾಗಿರುತ್ತದೆ. ತುದಿ ತಲುಪಿದ ಮೇಲೆ ಪಟ್ಟಿ ಕಿತ್ತು ಚೀಲಕ್ಕೆ ಹಾಕಿ, ಹಿಮ್ಮಡಿ ಬಿಗಿದು ಇಳಿಯುತ್ತಾರೆ.

ನಾವು ಆರಿಸಿಕೊಂಡಿರುವ ಪರ್ವತದ ಹೆಸರು ಗ್ರಾನ್ ಪಾರಾಡೀಸೊ. ಇಟಲಿಯ ವಾಯುವ್ಯ ಭಾಗದಲ್ಲಿದೆ. ಎತ್ತರ 4,061 ಮೀಟರ್. ಪೂರ್ತಿಯಾಗಿ ಇಟಲಿಯ ಗಡಿಯೊಳಗೇ ಇರುವ ನಾಲ್ಕು ಸಾವಿರ ಮೀಟರಿನ ಪರ್ವತ ಇದೊಂದೇ. ಮನುಷ್ಯರು ಮೊದಲ ಬಾರಿ ಇದರ ತುದಿ ಮುಟ್ಟಿದ್ದು 1860ರ ಸೆಪ್ಟೆಂಬರ್‌ನಲ್ಲಿ. ಸುತ್ತಲಿನ ಕಾಡು, ಕಣಿವೆಯೆಲ್ಲ 1856ರಲ್ಲಿ ರಾಜನ ಬೇಟೆಗೆ ಮೀಸಲಾಯಿತು. ಐಬೆಕ್ಸ್ ಎಂಬ ದೊಡ್ಡ ಕೊಂಬಿನ ಕಾಡುಮೇಕೆ ಬೇರೆಲ್ಲ ಕಡೆ ಅಳಿದುಹೋಗುತ್ತಿದ್ದಾಗ ಇಲ್ಲಿ ಉಳಿದುಕೊಂಡಿತು. 1922ರಲ್ಲಿ ಇದೇ ಜಾಗ ಇಟಲಿಯ ಮೊದಲ ರಾಷ್ಟ್ರೀಯ ಉದ್ಯಾನ ಆಯಿತು. ನಮ್ಮ ಬಂಡೀಪುರವೂ ಹಾಗೇ ಅಲ್ವಾ? ಮಹಾರಾಜರ ಬೇಟೆಯ ಕಾಡು, 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಆ ಕಣಿವೆಯ ಬಗ್ಗೆ ಓದುವಾಗ ನನಗೆ ಅದು ಪರದೇಶ ಅನ್ನಿಸುವುದೇ ಇಲ್ಲ.

ಈಗ ಒಂದು ಮಾತನ್ನು ಖಡಾಖಂಡಿತವಾಗಿ ಹೇಳಬೇಕು. ಸ್ಕೀ ಬರದವರು ಈ ಯೋಜನೆಗೆ ಕೈಹಾಕಬಾರದು. ಬೆಟ್ಟ ಹತ್ತುವ ದಮ್ಮು ಮೈಸೂರಿನಲ್ಲಿ ಸಂಪಾದಿಸಬಹುದು. ಬೆನ್ನಿಗೆ ಹತ್ತು ಕಿಲೋ ಹೊತ್ತು ಮೆಟ್ಟಿಲು ಹತ್ತಿ, ಮಂಡ್ಯದವರಾದರೆ ಕುಂತಿ ಬೆಟ್ಟ ಹತ್ತಿ. ಹಿಮದ ಮೇಲೆ ತಿರುಗುವುದು, ನಿಲ್ಲುವುದು ಮಾತ್ರ ಹಿಮದ ಮೇಲೇ ಬರಬೇಕು. ಗುಲ್ಮಾರ್ಗ್‌ನಲ್ಲಿ ಕೇಂದ್ರ ಸರ್ಕಾರದ ಸ್ಕೀ ಮತ್ತು ಪರ್ವತಾರೋಹಣ ಸಂಸ್ಥೆ ಇದೆ. ಉತ್ತರಾಖಂಡದ ಔಲಿ ಇದೆ. ಹಗ್ಗ, ಐಸ್ ಕೊಡಲಿ, ಬೂಟಿನ ಅಡಿಗೆ ಕಟ್ಟುವ ಕ್ರ್ಯಾಂಪಾನ್ ಎಂಬ ಕಬ್ಬಿಣದ ಮುಳ್ಳುಗಳನ್ನು ಬಳಸುವುದನ್ನು ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯಲ್ಲೋ ಡಾರ್ಜಿಲಿಂಗ್‌ನಲ್ಲೋ ಕಲಿಯಬಹುದು. ಸುಮ್ನೆ ಆತುರ ಬೇಡ. ಒಂದೆರಡು ಚಳಿಗಾಲ ಇದಕ್ಕೇ ಹೋಗಲಿ. ಕಾಲು ಸೋತಿರುವಾಗ, ಬೆನ್ನಿನ ಮೇಲೆ ಭಾರ ಇರುವಾಗ, ಕೆಟ್ಟ ಹಿಮದಲ್ಲೂ ಬೀಳದೆ ಇಳಿಯಲು ಬರಬೇಕು. ಅಷ್ಟು ಬಂದಮೇಲೆ ಟಿಕೆಟ್ ತೆಗೆಯಿರಿ.

ಕಾಲ ಯಾವುದು? ಈ ಪರ್ವತಕ್ಕೆ ಸ್ಕೀ ಕಾಲ ಅಂದರೆ ಏಪ್ರಿಲ್ ಮತ್ತು ಮೇ ತಿಂಗಳ ಮೊದಲರ್ಧ. ಆಗ ಹಿಮನದಿಯ ಮಂಜುಗಡ್ಡೆಯಲ್ಲಿರುವ ಆಳವಾದ ಬಿರುಕುಗಳ ಮೇಲೆ ಚಳಿಗಾಲದ ಹಿಮ ಇನ್ನೂ ದಪ್ಪವಾಗಿ ಕೂತಿರುತ್ತದೆ. ರಾತ್ರಿ ಹೆಪ್ಪುಗಟ್ಟುತ್ತದೆ, ಹಗಲು ಮೆತ್ತಗಾಗುತ್ತದೆ.

ಎತ್ತರದ ವಿಷಯಕ್ಕೆ ಬರೋಣ. ಮೈಸೂರು ಇರುವುದು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಮೇಲೆ. ನಾಲ್ಕು ಸಾವಿರ ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದಲ್ಲಿರುವುದರ ಶೇಕಡ 60ರಷ್ಟು ಮಾತ್ರ. ವಿಮಾನ ಇಳಿದ ಮಾರನೆಯ ದಿನವೇ ಹತ್ತಲು ಹೊರಟರೆ ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಎಲ್ಲ ಸಾಲಾಗಿ ಬರುತ್ತವೆ. ಅದಕ್ಕೇ ಮೊದಲು ಕಣಿವೆಯಲ್ಲಿ ಉಳಿಯುತ್ತೇವೆ. ಆಮೇಲೆ ಮೂರು ಸಾವಿರದ ಆಸುಪಾಸಿನ ಚಿಕ್ಕ ಶಿಖರಗಳಿಗೆ ಹೋಗಿಬರುತ್ತೇವೆ. ಆಮೇಲಷ್ಟೇ 2,732 ಮೀಟರ್ ಎತ್ತರದಲ್ಲಿರುವ ವಿಟ್ಟೋರಿಯೊ ಎಮಾನುಯೆಲೆ ತಂಗುದಾಣ. ಪಾಂಟ್ ಎಂಬ ಹಳ್ಳಿಯಿಂದ ಅಲ್ಲಿಗೆ ಎರಡೂವರೆ ಮೂರು ಗಂಟೆಯ ಹತ್ತುದಾರಿ. ಅಲ್ಲಿ ಎರಡು ರಾತ್ರಿ ಮಲಗುವುದು ನಮ್ಮ ಯೋಜನೆ. ಖರ್ಚು ಜಾಸ್ತಿ ಆಗುತ್ತದೆ ಅಂತ ಗೆಳೆಯರೊಬ್ಬರು ಹೇಳಿದರು. ಇಲ್ಲಿ ಉಳಿತಾಯ ಮಾಡಬಾರದು ಅಂತಲೇ ನನ್ನ ಅಭಿಪ್ರಾಯ.

ಶಿಖರದ ದಿನದ ಲೆಕ್ಕವನ್ನು ನಿಧಾನವಾಗಿ ಹೇಳುತ್ತೇನೆ. ಬೇಕಾದರೆ ಬರೆದುಕೊಳ್ಳಿ. ವೆರ್ನರ್ ಮುಂಟರ್ ಎಂಬ ಸ್ವಿಸ್ ಗೈಡ್ ಒಂದು ಸರಳ ಸೂತ್ರ ಕೊಟ್ಟಿದ್ದಾರೆ. ದೂರವನ್ನು ಕಿಲೋಮೀಟರಿನಲ್ಲಿ ತೆಗೆದುಕೊಳ್ಳಿ. ಏರುವ ಎತ್ತರವನ್ನು ನೂರು ಮೀಟರಿಗೆ ಒಂದು ಅಂತ ಎಣಿಸಿ. ಎರಡನ್ನೂ ಕೂಡಿ ನಾಲ್ಕರಿಂದ ಭಾಗಿಸಿ. ಬಂದದ್ದೇ ಹತ್ತಲು ಬೇಕಾದ ಗಂಟೆ. ತಂಗುದಾಣದಿಂದ ಶಿಖರಕ್ಕೆ ಏರಬೇಕಾದದ್ದು ಸುಮಾರು 1,330 ಮೀಟರ್, ಅಂದರೆ 13.3. ದೂರ ಸುಮಾರು ಐದು ಕಿಲೋಮೀಟರ್. ಕೂಡಿದರೆ 18.3. ನಾಲ್ಕರಿಂದ ಭಾಗಿಸಿದರೆ ನಾಲ್ಕೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ. ನಾವು ಬಯಲುಸೀಮೆಯವರು, ತೆಳು ಗಾಳಿಗೆ ಒಂದು ಗಂಟೆ ಸೇರಿಸಿದ್ದೇವೆ. ಕೊನೆಯ ಕಲ್ಲುಬಂಡೆಯ ಸಾಲಿಗೆ ಸ್ಕೀ ಬಿಚ್ಚಿಟ್ಟು ನಡೆದೇ ಹೋಗಬೇಕು. ಅದಕ್ಕೆ ಅರ್ಧ ಗಂಟೆ. ಒಟ್ಟು ಆರು ಗಂಟೆ. ಬೆಳಗಿನ ಜಾವ ನಾಲ್ಕಕ್ಕೆ ಹೊರಟರೆ ಹತ್ತಕ್ಕೆ ತುದಿಯಲ್ಲಿರುತ್ತೇವೆ.

ಹತ್ತೂವರೆಗೆ ಎಲ್ಲೇ ಇರಲಿ, ಅಲ್ಲಿಂದ ವಾಪಸು. ತುದಿ ಐವತ್ತು ಮೀಟರ್ ದೂರದಲ್ಲಿ ಕಾಣುತ್ತಿದ್ದರೂ ವಾಪಸು. ಇದನ್ನು ಕಾಗದದ ಮೇಲೆ ಬರೆದು ನಾವೆಲ್ಲ ಒಪ್ಪಿದ್ದೇವೆ. ಯಾಕೆ ಇಷ್ಟು ಬಿಗಿ? ಇಳಿಜಾರು ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಬಿಸಿಲು ತಡವಾಗಿ ಬೀಳುತ್ತದೆ, ನಿಜ. ಆದರೆ ಬಿದ್ದಮೇಲೆ ಹಿಮ ಬೇಗ ಸಡಿಲವಾಗುತ್ತದೆ, ಬಿರುಕುಗಳ ಮೇಲಿನ ಹಿಮದ ಸೇತುವೆಗಳ ಬಲ ಕಡಿಮೆಯಾಗುತ್ತದೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಸುಸ್ತಾದ, ಆಮ್ಲಜನಕ ಸಾಲದ ತಲೆ ಆ ಹೊತ್ತಿನಲ್ಲಿ ಸರಿಯಾದ ನಿರ್ಧಾರ ತೆಗೆದುಕೊಳ್ಳುತ್ತದೆ ಅಂತ ನಂಬಲಾಗದು. ಲಕ್ಷಗಟ್ಟಲೆ ಖರ್ಚು ಮಾಡಿ, ಏಳು ಸಾವಿರ ಕಿಲೋಮೀಟರ್ ಹಾರಿ ಬಂದಿದ್ದೇವೆ ಅನ್ನುವ ಯೋಚನೆ ಕಾಲನ್ನು ಮುಂದಕ್ಕೇ ತಳ್ಳುತ್ತದೆ. ಅದಕ್ಕೇ ತಂಪಾದ ತಲೆ ಇರುವಾಗ, ಮೈಸೂರಿನಲ್ಲಿ ಕೂತು ನಿರ್ಧರಿಸಬೇಕು. ಇನ್ನೊಂದು ನಿಯಮವೂ ಇದೆ. ಗುಂಪಿನಲ್ಲಿ ಯಾರೇ ಒಬ್ಬರು ಬೇಡ ಅಂದರೆ ಎಲ್ಲರೂ ಹಿಂದಿರುಗಬೇಕು. ಕಾರಣ ಕೇಳುವಂತಿಲ್ಲ, ಆಮೇಲೆ ಆಡಿಕೊಳ್ಳುವಂತಿಲ್ಲ.

ಹಿಮಕುಸಿತದ ಅಪಾಯ ಬೇರೆಯೇ ಪಾಠ. ಚಪ್ಪಡಿಯಾಗಿ ಹಿಮ ಕಳಚಿ ಬರುವುದು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ನಕ್ಷೆಯ ಎತ್ತರದ ಗೆರೆಗಳು ಎಲ್ಲಿ ಒತ್ತೊತ್ತಾಗಿವೆ ಅಂತ ನೋಡಿ ಅಂಥ ಜಾಗಗಳನ್ನು ಕೆಂಪು ಪೆನ್ಸಿಲಿನಿಂದ ಗುರುತು ಮಾಡಿದ್ದೇವೆ. ಯುರೋಪಿನಲ್ಲಿ ಅಪಾಯವನ್ನು ಒಂದರಿಂದ ಐದರವರೆಗೆ ಅಳೆದು ಹೇಳುತ್ತಾರೆ. ಮೂರು ಅಂದರೆ ಮಧ್ಯಮ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ, ಮೂರು ಅಂದರೆ ಸಾಕಷ್ಟು ಅಪಾಯ, ಪ್ರಾಣ ಹೋಗುವ ಮಟ್ಟ. ಪ್ರತಿಯೊಬ್ಬರ ಎದೆಯ ಮೇಲೆ ಸಂಕೇತ ಬಿಡುವ ಬೀಕನ್, ಚೀಲದಲ್ಲಿ ಸಲಿಕೆ ಮತ್ತು ಹಿಮ ಚುಚ್ಚಿ ಹುಡುಕುವ ಕೋಲು ಇರಲೇಬೇಕು. ಅಪಾಯ ಇರುವ ಕಡೆ ಸ್ಕೀ ಟೂರ್ ಮಾಡುವವರಿಗೆ ಇಟಲಿಯಲ್ಲಿ 2022ರಿಂದ ಇದು ಕಾನೂನು. ಹೂತುಹೋದವರನ್ನು ಮೊದಲ 10 ನಿಮಿಷದಲ್ಲಿ ತೆಗೆದರೆ ಬಹಳಷ್ಟು ಜನ ಬದುಕುತ್ತಾರೆ. ಆಮೇಲೆ ಆ ಸಾಧ್ಯತೆ ಸರ್ರನೆ ಇಳಿಯುತ್ತದೆ. ಹೆಲಿಕಾಪ್ಟರ್ ಅಷ್ಟರೊಳಗೆ ಬರಲಾರದು. ಪಕ್ಕದಲ್ಲಿರುವ ಗೆಳೆಯನೇ ಅಗೆಯಬೇಕು. ಅದಕ್ಕೇ ನಾವು ಭಾನುವಾರದ ಹೊತ್ತು ಮೈದಾನದಲ್ಲಿ ಒಂದು ಬೀಕನ್ ಬಚ್ಚಿಟ್ಟು ಗಡಿಯಾರ ಹಿಡಿದು ಹುಡುಕುತ್ತೇವೆ. ನೋಡುವವರು ಏನೋ ಕಳೆದುಕೊಂಡಿದ್ದೀರಾ ಅಂತ ಕೇಳುತ್ತಾರೆ. ಹೇಳಿದರೆ ಮಕ್ಕಳೂ ಜೊತೆಗೆ ಹುಡುಕಲು ಬರುತ್ತಾರೆ.

ಹಿಮನದಿಯ ಮೇಲೆ ಹತ್ತುವಾಗ ಹಗ್ಗ ಕಟ್ಟಿಕೊಳ್ಳುತ್ತೇವೆ. ಮೊದಲ ಸಲ ಹೋಗುವವರು ಅಂತರರಾಷ್ಟ್ರೀಯ ಮಾನ್ಯತೆ ಇರುವ ಗೈಡ್ ಇಲ್ಲದೆ ಹೋಗಬಾರದು. ನಾವೂ ಗೈಡ್ ಜೊತೆಗೇ ಹೋಗುತ್ತೇವೆ.

ಊಟದ ಬಗ್ಗೆ ಮೈಸೂರಿನವರಿಗೆ ಹೇಳಿಕೊಡಬೇಕಾಗಿಲ್ಲ. ಎತ್ತರದ ಗಡಿಯಲ್ಲಿರುವ ಸೈನಿಕರಿಗೆ ಸಿದ್ಧ ಆಹಾರ ರೂಪಿಸುವ ರಕ್ಷಣಾ ಆಹಾರ ಪ್ರಯೋಗಾಲಯ 1961ರಿಂದ ಇದೇ ಊರಿನಲ್ಲಿದೆ. ಚಳಿಯಲ್ಲಿ ಗಟ್ಟಿಯಾಗುವ ತಿಂಡಿ ಬೇಡ. ಖರ್ಜೂರ, ಹುರಿದ ಕಡಲೆಬೀಜ, ಒಣದ್ರಾಕ್ಷಿಯನ್ನು ಜಾಕೆಟ್ಟಿನ ಒಳಜೇಬಿನಲ್ಲಿ ಇಟ್ಟುಕೊಳ್ಳಿ. ಹಸಿವಾಗುವ ಮುಂಚೆಯೇ ಸ್ವಲ್ಪಸ್ವಲ್ಪ ತಿನ್ನಿ. ಕಪ್ಪು ಕನ್ನಡಕ ಮರೆಯಬೇಡಿ. ಹೊಸ ಹಿಮ ಬಿಸಿಲಿನ ನೇರಳಾತೀತ ಕಿರಣಗಳನ್ನು ಶೇಕಡ 80ರವರೆಗೂ ಹಿಂದಕ್ಕೆ ಚಿಮ್ಮಿಸುತ್ತದೆ.

ವಿಮೆಯ ಕಾಗದವನ್ನು ಕೊನೆಯ ಸಾಲಿನವರೆಗೂ ಓದಿ. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಬೇಕು. ವೀಸಾಕ್ಕೆ ಅದು ಸಾಕು, ಬೆಟ್ಟಕ್ಕೆ ಸಾಲದು. ಹಗ್ಗ ಬಳಸುವ ಪರ್ವತಾರೋಹಣವನ್ನು ಎಷ್ಟೋ ವಿಮೆಗಳು ಹೊರಗಿಡುತ್ತವೆ. ಹಿಮನದಿ, ಸ್ಕೀ ಟೂರ್, ಹೆಲಿಕಾಪ್ಟರ್ ರಕ್ಷಣೆ, ಈ ಮೂರೂ ಸೇರಿವೆಯೇ ಅಂತ ಬರವಣಿಗೆಯಲ್ಲಿ ಕೇಳಿ ತಿಳಿದುಕೊಳ್ಳಿ.

ಹವೆ ಕೈಕೊಟ್ಟರೆ ಅಂತ ನಾವು ಕಣಿವೆಯಲ್ಲೇ ಇನ್ನೊಂದು ಯೋಜನೆ ಇಟ್ಟುಕೊಂಡಿದ್ದೇವೆ. ಹಿಮನದಿ ಇಲ್ಲದ, ಮೂವತ್ತು ಡಿಗ್ರಿಗಿಂತ ಕಡಿಮೆ ಇಳಿಜಾರಿನ ದಾರಿಗಳು. ಜೊತೆಗೆ ಮೂರು ದಿನ ಖಾಲಿ ಬಿಟ್ಟಿದ್ದೇವೆ. ರಜೆ ಕಡಿಮೆ ಇರುವವರು ಈ ಖಾಲಿ ದಿನಗಳನ್ನೇ ಮೊದಲು ಕತ್ತರಿಸಲು ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬೇರೆ ಊರು ನೋಡುವುದನ್ನು ಬಿಡಿ, ಈ ದಿನಗಳನ್ನು ಬಿಡಬೇಡಿ. ಗುಲ್ಮಾರ್ಗ್ ಮತ್ತು ಔಲಿಯಲ್ಲಿ ಕಲಿಯುವ ಕಾಲ ಜನವರಿ, ಫೆಬ್ರವರಿ. ಸೀಟು ಬೇಗ ತುಂಬುತ್ತವೆ. ಆಸೆ ಇರುವವರು ದಸರಾ ಮುಗಿಯುತ್ತಿದ್ದಂತೆ ವಿಚಾರಿಸಲು ಶುರುಮಾಡಿ.

ನಮಸ್ಕಾರ.